ರಾಧೆಯ ಪಾಲಿನ ಕಥೆ: ಹದಿಹರೆಯದವರಿಗಾಗಿ ದತ್ತಿನ ಬಗ್ಗೆ ಬರೆಯುವುದು

ಮಂಗಳೂರು, ಉಡುಪಿ ಕಡೆ ತಾಳಮದ್ದಲೆ ಕೇಳುವ ಚಟ ಇದ್ದವರಿಗೆ ‘ಕರ್ಣಭೇದನ’ ಪ್ರಸಂಗ ಬಾಯಿಪಾಠ. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಹೋಗಿ, ನೀನು ಕುಂತಿಯ ಹಿರಿಮಗ ಅನ್ನುತ್ತಾನೆ. ಯುದ್ಧ ಬಾಗಿಲಿಗೆ ಬಂದು ನಿಂತಿರುವಾಗ. ನಮ್ಮ ಕಿವಿ ಈ ಕ್ರಮಕ್ಕೆ ಎಷ್ಟು ಪಳಗಿದೆ ಅಂದರೆ, ದತ್ತಿನ ಕಥೆ ಬರೆಯಲು ಕೂತವರು ಗೊತ್ತಿಲ್ಲದೆಯೇ ಅದೇ ಜಾಡು ಹಿಡಿಯುತ್ತಾರೆ. ಹುಟ್ಟಿನ ಗುಟ್ಟು ಇರಬೇಕು, ಹೊರಗಿನವರು ಅದನ್ನು ಒಡೆಯಬೇಕು, ಒಡೆಯುವ ಹೊತ್ತು ಅತಿ ನೋವಿನದ್ದೇ ಆಗಬೇಕು. ಅಟ್ಟದ ಮೇಲಿನ ಟ್ರಂಕು, ಮದುವೆ ಮನೆಯಲ್ಲಿ ಬಾಯಿ ಜಾರುವ ಅತ್ತೆ, ಆಸ್ಪತ್ರೆಯಲ್ಲಿ ಹೊಂದಾಣಿಕೆಯಾಗದ ರಕ್ತದ ಗುಂಪು ಎಲ್ಲ ಬರುವುದು ಅಲ್ಲಿಂದಲೇ.

ಆದರೆ ಉದ್ಯೋಗಪರ್ವದಲ್ಲಿ ಕರ್ಣ ಕೊಡುವ ಉತ್ತರವನ್ನು ಒಮ್ಮೆ ಗಮನಿಸಿ. ಗುಟ್ಟು ಕೇಳಿ ಅವನು ಕುಸಿದು ಬೀಳುವುದಿಲ್ಲ. ಅವನು ಮಾತಾಡುವುದು ರಾಧೆಯ ಬಗ್ಗೆ: ತನ್ನನ್ನು ಕಂಡೊಡನೆ ಅವಳ ಎದೆಯಲ್ಲಿ ಹಾಲು ಬಂತು, ತನ್ನ ಮಲಮೂತ್ರ ಬಳಿದವಳು ಅವಳು, ಅಂಥವಳಿಗೆ ಪಿಂಡ ಇಡುವುದನ್ನು ತಪ್ಪಿಸುವುದು ಹೇಗೆ ಅಂತ. ಜಾತಕರ್ಮ ಮಾಡಿಸಿದವನು, ಹೆಸರಿಡಿಸಿದವನು, ಮದುವೆ ಮಾಡಿಸಿದವನು ಅಧಿರಥ ಅಂತ. ಹದಿಹರೆಯದವರಿಗಾಗಿ ಬರೆಯಬೇಕಾದ ದತ್ತಿನ ಕಥೆ ಇರುವುದು ಈ ಉತ್ತರದಲ್ಲಿ, ಕೃಷ್ಣ ಹೇಳಿದ ಸುದ್ದಿಯಲ್ಲಲ್ಲ. ದತ್ತು ಅನ್ನುವುದು ಕಥೆಯ ಕೊನೆಗೆ ಒಡೆಯುವ ಗಡಿಗೆ ಆಗಬಾರದು. ಮೊದಲ ಪುಟದಲ್ಲೇ ಎಲ್ಲರಿಗೂ ಗೊತ್ತಿರುವ ಸಂಗತಿ ಆಗಿರಬೇಕು, ಮುಖ್ಯವಾಗಿ ಆ ಮಗುವಿಗೆ.

ನಮ್ಮದೇ ತುಳುನಾಡಿನಲ್ಲಿ ಇದಕ್ಕೆ ಇನ್ನೊಂದು ಮಾದರಿ ಇದೆ. ವೀರರಾದ ಕೋಟಿ-ಚೆನ್ನಯರ ತಾಯಿ ದೇಯಿ ಬೈದೆತಿ, ಪಾಡ್ದನ ಅನ್ನುವ ತುಳು ಕಥನಹಾಡಿನ ಪ್ರಕಾರ, ಹೆತ್ತ ಮನೆಯವರು ಕಾಡಿನಲ್ಲಿ ಬಿಟ್ಟುಹೋದ ಹುಡುಗಿ. ಪಾಠಾಂತರಗಳು ಬೇಕಾದಷ್ಟಿವೆ, ಆದರೆ ಬೈದ್ಯರ ಮನೆ ಸೇರಿ, ಅಲ್ಲಿಯವಳೇ ಆಗಿ, ಮದ್ದಿನ ವಿದ್ಯೆಯಿಂದ ಪಡುಮಲೆ ಬಲ್ಲಾಳನ ಕಾಲಿನ ಹುಣ್ಣು ಗುಣಪಡಿಸಿದಳು ಅನ್ನುವಲ್ಲಿ ಎಲ್ಲರೂ ಒಂದೇ. ಅವಳು ಎಲ್ಲಿಂದ ಬಂದಳು ಅನ್ನುವುದನ್ನು ಪಾಡ್ದನ ಮುಚ್ಚಿಡುವುದಿಲ್ಲ. ಹಾಡಿನ ಆರಂಭದಲ್ಲೇ ಹೇಳಿ ಮುಂದೆ ಹೋಗುತ್ತದೆ. ನಾಡು ಅವಳನ್ನು ನೆನೆಯುವುದು ಅವಳ ಕೈಗುಣಕ್ಕಾಗಿ.

ಇಷ್ಟು ಒಪ್ಪಿಕೊಂಡರೆ ಬರವಣಿಗೆಯ ಮೊದಲ ಕೆಲಸ ಕಾಗದದ ಮೇಲೆ ಒಂದು ಕಾಲಪಟ್ಟಿ ಹಾಕುವುದು. ಕಥೆ ನಡೆಯುವ ವರ್ಷ, ನಾಯಕಿಯ ವಯಸ್ಸು, ಹುಟ್ಟಿದ ವರ್ಷ, ಮನೆಗೆ ಬಂದ ವರ್ಷ, ಆಗ ಅಪ್ಪ-ಅಮ್ಮನ ವಯಸ್ಸು. ಬಹಳಷ್ಟು ಹಸ್ತಪ್ರತಿಗಳು ಬಿದ್ದುಹೋಗುವುದು ಇಲ್ಲೇ. ಇವತ್ತು ಪತ್ರಿಕೆಯಲ್ಲಿ ಓದಿದ ಕ್ರಮವನ್ನು ಹದಿನೈದು ವರ್ಷದ ಹಿಂದಿನ ಘಟನೆಗೆ ಹಚ್ಚಿರುತ್ತಾರೆ.

ಒಂದು ಉದಾಹರಣೆ ಹಾಕಿ ನೋಡೋಣ. ಕಥೆ 2025ರಲ್ಲಿ ನಡೆಯುತ್ತದೆ, ಹುಡುಗಿಗೆ 15. ಅಂದರೆ ಹುಟ್ಟಿದ್ದು 2010ರಲ್ಲಿ, ಮನೆಗೆ ಬಂದದ್ದು 2011ರಲ್ಲಿ. ಆಗ ಅಪ್ಪ-ಅಮ್ಮ ನೇರವಾಗಿ ದತ್ತು ಸಂಸ್ಥೆಯ ಬಾಗಿಲಿಗೆ ಹೋಗಿ ಹೆಸರು ಬರೆಸುತ್ತಿದ್ದರು. ಮನೆ ನೋಡಲು ಬರುತ್ತಿದ್ದದ್ದು ಅದೇ ಸಂಸ್ಥೆಯ ಸಮಾಜ ಕಾರ್ಯಕರ್ತೆ. ಕೊನೆಯ ಆದೇಶ ನ್ಯಾಯಾಲಯದ್ದು. ದೇಶಕ್ಕೆಲ್ಲ ಒಂದೇ ಆನ್‌ಲೈನ್ ಸರತಿ ಬಂದದ್ದು 2015ರ ಆಗಸ್ಟ್‌ನಲ್ಲಿ, ಕೇಂದ್ರದ ದತ್ತು ಪ್ರಾಧಿಕಾರವಾದ ‘ಕಾರಾ’ದ ಮೂಲಕ. ಬಾಲನ್ಯಾಯ ಕಾಯ್ದೆ 2015ಕ್ಕೆ 2021ರಲ್ಲಿ ತಿದ್ದುಪಡಿ ಆಗಿ, 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂತು. ಹಾಗಾಗಿ 2011ರ ಮಗುವಿನ ಕಥೆಯಲ್ಲಿ ಅಮ್ಮ ಕಂಪ್ಯೂಟರ್ ಮುಂದೆ ಕೂತು ಸರತಿ ಸಂಖ್ಯೆ ನೋಡುತ್ತಿದ್ದರೆ ಅದು ತಪ್ಪು. 2023ರಲ್ಲಿ ಏಳು ವರ್ಷದವಳಾಗಿ ಮನೆಗೆ ಬಂದ ಹುಡುಗಿಯ ಕಥೆಯಲ್ಲಿ ಜಡ್ಜ್ ಬಂದರೆ ಅದೂ ತಪ್ಪು.

ಈಗಿನ ಕ್ರಮದ ಕಥೆಯಾದರೆ ಗೊತ್ತಿರಬೇಕಾದ ಅಂಕಿಗಳು ಇವು. ಕಾರಾದ ಪೋರ್ಟಲ್‌ನಲ್ಲಿ ನೋಂದಣಿ, ಆಮೇಲೆ ಗೃಹ ಅಧ್ಯಯನ ವರದಿ, ಅದು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಸರತಿ ಬಂದಾಗ ಮಗುವಿನ ವಿವರ ಕಾಣುತ್ತದೆ, 48 ಗಂಟೆಯೊಳಗೆ ಕಾಯ್ದಿರಿಸಬೇಕು. ಆಮೇಲೆ ಮಗುವನ್ನು ಭೇಟಿಯಾಗಿ ಒಪ್ಪಿಗೆ ಕೊಡುವ ತನಕ 30 ದಿನದ ಅವಧಿ. ಆದೇಶ ಆಗುವ ಮೊದಲೇ ಮಗು ‘ದತ್ತು ಪೂರ್ವ ಪೋಷಣೆ’ ಅಂತ ಮನೆಗೆ ಬರುತ್ತದೆ. ಹಾಗೆ ಮನೆಗೆ ಬಂದ ದಿನದಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ವಿಚಾರಿಸಲು ಬರುತ್ತಾರೆ. ಐದು ವರ್ಷ ದಾಟಿದ ಮಗುವಾದರೆ ಮಗುವಿನ ಒಪ್ಪಿಗೆಯೂ ಬೇಕು. ದೊಡ್ಡ ಮಗು ಮನೆಗೆ ಬರುವ ಕಥೆ ಬರೆಯುವವರು ಈ ಕೊನೆಯದನ್ನು ಬಿಟ್ಟುಬಿಡುವುದು ನೋಡಿದರೆ ಬೇಸರವಾಗುತ್ತದೆ. ಏಳು ವರ್ಷದ ಮಗು, ಎದುರಿಗೆ ಕೂತ ಇಬ್ಬರು ಅಪರಿಚಿತರು, ‘ಇವರ ಜೊತೆ ಹೋಗ್ತೀಯಾ’ ಅನ್ನುವ ಪ್ರಶ್ನೆ. ಎಂಟು ವರ್ಷ ಕಳೆದ ಮೇಲೆ, ಅಮ್ಮನ ಜೊತೆ ಜಗಳವಾದ ರಾತ್ರಿ, ಅಂದು ತಾನೇ ‘ಹೂಂ’ ಅಂದದ್ದು ನೆನಪಾಗುತ್ತದಲ್ಲ, ಅದಕ್ಕಿಂತ ದೊಡ್ಡ ನಾಟಕ ಅಟ್ಟದ ಟ್ರಂಕಿನಲ್ಲಿಲ್ಲ.

ವಯಸ್ಸಿನ ಲೆಕ್ಕವೂ ಎಡವಿಸುತ್ತದೆ. ಈಗಿನ ನಿಯಮದಂತೆ ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ-ಹೆಂಡತಿಯ ವಯಸ್ಸು ಕೂಡಿಸಿ 85 ದಾಟಬಾರದು, ಒಂಟಿಯಾಗಿ ದತ್ತು ಪಡೆಯುವವರಿಗೆ 40. ಮಗು ಎರಡರಿಂದ ನಾಲ್ಕರೊಳಗಿದ್ದರೆ 90 ಮತ್ತು 45, ನಾಲ್ಕರಿಂದ ಎಂಟಕ್ಕೆ 100 ಮತ್ತು 50, ಎಂಟರಿಂದ ಹದಿನೆಂಟಕ್ಕೆ 110 ಮತ್ತು 55. ಅಪ್ಪನಿಗೆ 52, ಅಮ್ಮನಿಗೆ 46 ಅಂತ ಬರೆದು ಕೈಯಲ್ಲಿ ಹಸುಗೂಸು ಕೊಟ್ಟರೆ ಲೆಕ್ಕ 98ಕ್ಕೆ ಹೋಯಿತು. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ದತ್ತು ಕೊಡುವುದಿಲ್ಲ. ಹೆಂಡತಿ ತೀರಿಹೋದ ಮಾಸ್ಟ್ರು ಮಗಳನ್ನು ದತ್ತು ಪಡೆದ ಕಥೆ ಬರೆಯುವ ಮುಂಚೆ ಇದನ್ನು ನೆನಪಿಡಿ. ಅವರು ಜೊತೆಯಾಗಿ ದತ್ತು ಪಡೆದ ಮೇಲೆ ಹೆಂಡತಿ ತೀರಿಹೋದರು ಅಂತ ಮಾಡಿದರೆ ಕಥೆ ಉಳಿಯುತ್ತದೆ.

ಮಂಗಳೂರಿನಲ್ಲಿ ಕಥೆ ಇಟ್ಟರೆ ಕುಟುಂಬ ಯಾವ ಧರ್ಮದ್ದು ಅನ್ನುವುದೂ ಮುಖ್ಯ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಮಾತ್ರ. ಬಿಜೈಯ ಕ್ಯಾಥೊಲಿಕ್ ಮನೆಗೋ ಉಳ್ಳಾಲದ ಬ್ಯಾರಿ ಮನೆಗೋ ಆ ಕಾಯ್ದೆಯ ಕಾಗದ ಹಚ್ಚಲಾಗದು. ಹಿಂದೆ ಅವರಿಗೆ 1890ರ ಕಾಯ್ದೆಯಡಿ ‘ಪಾಲಕರು’ ಅನ್ನುವ ಸ್ಥಾನ ಮಾತ್ರ ಸಿಗುತ್ತಿತ್ತು, ಮಗು ಪ್ರಾಪ್ತ ವಯಸ್ಸಿಗೆ ಬಂದೊಡನೆ ಆ ಸಂಬಂಧದ ಕಾಗದ ಮುಗಿಯುತ್ತಿತ್ತು. ಬಾಲನ್ಯಾಯ ಕಾಯ್ದೆ ಎಲ್ಲ ಧರ್ಮದವರಿಗೂ ತೆರೆದಿದೆ ಅನ್ನುವುದನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿತು.

ಹಿಂದೂ ಕಾಯ್ದೆಯಡಿ ನಡೆಯುವ ಮನೆಯೊಳಗಿನ ದತ್ತು ಬೇರೆಯೇ ಕಥೆ. ಅಕ್ಕನ ಮೂರನೇ ಮಗುವನ್ನು ತಂಗಿ ಪಡೆಯುತ್ತಾಳೆ. ಅಲ್ಲಿ ದತ್ತಹೋಮ ಕಡ್ಡಾಯವಲ್ಲ, ಆದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಗುವನ್ನು ನಿಜಕ್ಕೂ ಕೊಡುವ, ತೆಗೆದುಕೊಳ್ಳುವ ಕ್ರಿಯೆ ನಡೆಯಲೇಬೇಕು. ಅದು ಬರೀ ಕಾಗದದಲ್ಲಿ ಆಗುವುದಿಲ್ಲ. ಹೆತ್ತಮ್ಮ ಆಮೇಲೆ ‘ದೊಡ್ಡಮ್ಮ’ ಆಗಿ ಪ್ರತಿ ಚೌತಿಗೆ, ಪ್ರತಿ ಕೋಲಕ್ಕೆ ಎದುರಾಗುತ್ತಾಳೆ. ಕರಾವಳಿಯ ಮನೆಗಳಿಗೆ ಇದು ಹೊಸತಲ್ಲ. ಆದರೂ ಹದಿಹರೆಯದವರಿಗೆ ಬರೆದ ಕಥೆಗಳಲ್ಲಿ ಯಾಕೋ ಬಹಳ ಕಡಿಮೆ.

ಇನ್ನು ‘ಕಡತ’. ಹದಿನಾರರ ಹುಡುಗಿ ಬಸ್ಸು ಹತ್ತಿ ದತ್ತು ಸಂಸ್ಥೆಗೆ ಹೋಗುತ್ತಾಳೆ, ಕರಗಿದ ಗುಮಾಸ್ತ ಕಪಾಟಿನಿಂದ ಕಡತ ತೆಗೆದು ಕೊಡುತ್ತಾನೆ, ಅದರಲ್ಲಿ ಹೆತ್ತಮ್ಮನ ಹೆಸರು, ವಿಳಾಸ. ಇದು ನಡೆಯುವುದಿಲ್ಲ. ನಿಯಮದಲ್ಲಿ ‘ಮೂಲ ಶೋಧ’ಕ್ಕೆ ದಾರಿ ಇದೆ. 18 ತುಂಬಿದವರು ಸ್ವತಃ ಕೋರಬಹುದು, ಅದಕ್ಕಿಂತ ಚಿಕ್ಕವರು ಅಪ್ಪ-ಅಮ್ಮನ ಜೊತೆ ಸೇರಿ ಕೋರಬೇಕು. ಮೂರನೆಯವರು ಹುಡುಕುವಂತಿಲ್ಲ, ಗೆಳತಿಯೂ ಅಲ್ಲ, ಪತ್ರಕರ್ತ ಮಾವನೂ ಅಲ್ಲ. ಒಪ್ಪಿಸುವಾಗಲೇ ಹೆತ್ತವರು ತಮ್ಮ ಗುರುತು ಹೇಳಬಾರದು ಅಂದಿದ್ದರೆ ಅವರ ಒಪ್ಪಿಗೆ ಬೇಕು. ಸಿಗದಿದ್ದರೆ ಯಾವ ಪರಿಸ್ಥಿತಿಯಲ್ಲಿ ಒಪ್ಪಿಸಿದರು ಅನ್ನುವಷ್ಟು ತಿಳಿಸಬಹುದು.

ತೊರೆದುಹೋದ ಮಗುವಿನ ಕಡತ ಇನ್ನೂ ತೆಳ್ಳಗೆ. ಸಿಕ್ಕಿದ ಜಾಗ, ದಿನ, ಪೊಲೀಸ್ ವರದಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ, ಹೆತ್ತವರನ್ನು ಹುಡುಕಲು ಪತ್ರಿಕೆಯಲ್ಲಿ ಹಾಕಿದ ಪ್ರಕಟಣೆ. ಈ ಪ್ರಕಟಣೆಯಲ್ಲಿ ಮಗುವಿನ ಭಾವಚಿತ್ರ ಇರುತ್ತದೆ. ಮಗು ಎರಡು ವರ್ಷದೊಳಗಿನದ್ದಾದರೆ ಎರಡು ತಿಂಗಳು, ದೊಡ್ಡದಾದರೆ ನಾಲ್ಕು ತಿಂಗಳು ಕಾದು, ಯಾರೂ ಬರದಿದ್ದರೆ ಆಮೇಲಷ್ಟೇ ಮಗು ದತ್ತಿಗೆ ಮುಕ್ತ. ಆ ಎರಡಂಗುಲದ ಚಿತ್ರ, ತನ್ನ ಜೀವನದ ಮೊದಲ ಫೋಟೋ ಪತ್ರಿಕೆಯ ಜಾಹೀರಾತು ಪುಟದ್ದು ಅನ್ನುವ ಸಂಗತಿ, ಕಾದಂಬರಿಗೆ ಒಂದು ಇಡೀ ಅಧ್ಯಾಯ ಕೊಡುತ್ತದೆ. ಕೈಯಲ್ಲಿ ಇಂಥದ್ದು ಇರುವಾಗ ಸುಳ್ಳು ವಿಳಾಸ ಯಾಕೆ ಬೇಕು?

ಹೆತ್ತಮ್ಮನೇ ಒಪ್ಪಿಸಿದ್ದಾದರೆ ಅವಳಿಗೆ ಮನಸ್ಸು ಬದಲಿಸಲು 60 ದಿನ ಇರುತ್ತದೆ. ಸಮಿತಿಯ ಎದುರು ಸಹಿ ಹಾಕಿದ ಹುಡುಗಿ ಅರುವತ್ತು ಬೆಳಗು ಎದ್ದಿದ್ದಾಳೆ. ಇದು ಗೊತ್ತಿದ್ದ ಲೇಖಕರು ಅವಳನ್ನು ‘ಎಸೆದುಹೋದ ಪಾಪಿ’ ಅಂತಲೂ, ಹೆರಿಗೆಯಲ್ಲೇ ತೀರಿಹೋದ ಸಾಧ್ವಿ ಅಂತಲೂ ಬರೆಯಲಾರರು.

ಕರಾವಳಿಯವರಿಗೆ ಬೇರೆಲ್ಲೂ ಸಿಗದ ಒಂದು ವಸ್ತು ಇದೆ: ‘ಮೂಲ’ ಅನ್ನುವ ಮಾತೇ. ಕಾನೂನಿನ ಕಾಗದದಲ್ಲಿ ಮೂಲ ಶೋಧ ಅನ್ನುವುದು ಹೆತ್ತವರನ್ನು ಹುಡುಕುವುದು. ನಮ್ಮ ಮನೆಗಳಲ್ಲಿ ಮೂಲ ಅಂದರೆ ನಾಗನ ಮೂಲಸ್ಥಾನ. ನಾಗರಪಂಚಮಿಗೆ ಮುಂಬೈಯಿಂದಲೂ ಬಂದು ನಾಗನಿಗೆ ತಂಬಿಲದ ಪೂಜೆ ಕೊಡುವವರಿದ್ದಾರೆ, ಮೂಲ ಗೊತ್ತಿಲ್ಲದ ಕುಟುಂಬದವರು ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಹುಡುಕಿಕೊಂಡು ಹೋಗುತ್ತಾರೆ. ‘ನಿಮ್ಮ ಬರಿ (ಕುಲ) ಯಾವುದು?’ ಅಂತ ಕೇಳುವುದು, ಆ ಬರಿ ತಾಯಿಯ ಕಡೆಯಿಂದ ಬರುವುದು ಇಲ್ಲಿಯ ರೂಢಿ. ದತ್ತು ಬಂದ ಹದಿನೈದರ ಹುಡುಗಿಯನ್ನು ಆ ಬನದ ಮುಂದೆ ನಿಲ್ಲಿಸಿದರೆ ಸಾಕು, ಲೇಖಕರು ಬಾಯಿ ಮುಚ್ಚಿಕೊಂಡಿರಬಹುದು. ಆದರೆ ಹೆಚ್ಚಿನವರು ಬರೆಯುವುದು ಹೀಗೆ:

“ನಾಗಬನದ ಮುಂದೆ ನಿಂತ ಶ್ರಾವ್ಯಳ ಕಣ್ಣು ತುಂಬಿ ಬಂತು. ತನ್ನ ಮೂಲ ಯಾವುದು? ತನ್ನ ಮೈಯಲ್ಲಿ ಹರಿಯುವ ರಕ್ತ ಯಾರದ್ದು? ತಾನು ನಿಜಕ್ಕೂ ಯಾರು? ಪ್ರಶ್ನೆಗಳು ಅವಳನ್ನು ಕಾಡತೊಡಗಿದವು.”

ಇದರಲ್ಲಿ ಶ್ರಾವ್ಯ ಇಲ್ಲ, ಲೇಖಕರ ಪ್ರಶ್ನೆಪತ್ರಿಕೆ ಇದೆ. ಅದೇ ಸನ್ನಿವೇಶವನ್ನು ಹೀಗೆ ಬರೆಯಬಹುದು:

“ದೊಡ್ಡ ಮಾವ ಬೊಂಡದ ಮೂತಿ ಕೆತ್ತಿ ಕೆತ್ತಿ ಸಾಲಾಗಿ ಇಡುತ್ತಿದ್ದರು. ಮನೆಗೊಂದು ಬೊಂಡ, ಮನೆಗೊಂದು ಕುಡ್ತೆ ಹಾಲು. ಭಟ್ರು ಹೆಸರು ಕೇಳುತ್ತಾ ನಮ್ಮ ಹತ್ತಿರ ಬಂದರು.
‘ಮಗಳದ್ದು? ನಕ್ಷತ್ರ?’
‘ಶ್ರಾವ್ಯ. ಉತ್ತರೆ’ ಅಂದಳು ಅಮ್ಮ, ಒಂಚೂರೂ ತಡೆಯದೆ.
ನನ್ನ ಹುಟ್ಟಿದ ತಾರೀಕು ಡಾಕ್ಟ್ರು ತೂಕ ನೋಡಿ, ಹಲ್ಲು ನೋಡಿ ಬರೆದದ್ದು. ಅದನ್ನು ನನಗೆ ಹೇಳಿದ್ದೂ ಅಮ್ಮನೇ. ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ.
‘ಅಮ್ಮಾ, ಉತ್ತರೆ ಅಂತ ಯಾರು ಹೇಳಿದ್ದು ನಿಂಗೆ?’
‘ನಾನೇ ಪಂಚಾಂಗ ನೋಡಿ ತೆಗೆದದ್ದು. ಎಂತಕ್ಕೆ?’
‘ಎಂತ ಇಲ್ಲ.’
ನನ್ನ ಮಡಿಲಲ್ಲಿ ಅರಿಶಿನ ಎಲೆಯ ಕಟ್ಟು ಇತ್ತು, ಮನೆಗೆ ಹೋಗಿ ಗಟ್ಟಿ ಮಾಡಲಿಕ್ಕೆ. ಒಂದು ಎಲೆ ಎಳೆದು ಮಡಚುತ್ತಾ ಕೂತೆ. ಅಮ್ಮ ಕನ್ನಡಿಯಲ್ಲಿ ನೋಡಿದಳು, ಬೈಯಲಿಲ್ಲ.”

ಎರಡನೆಯದರಲ್ಲಿ ‘ಮೂಲ’ ಅನ್ನುವ ಶಬ್ದ ಒಮ್ಮೆಯೂ ಬಂದಿಲ್ಲ. ಕೆಲಸ ಮಾಡಿದ್ದು ಒಂದೇ ಒಂದು ಸಂಗತಿ: ತೊರೆದುಹೋದ ಮಗುವಿನ ಜನ್ಮದಿನಾಂಕ ಅಂದಾಜಿನದ್ದು, ಹಾಗಾಗಿ ನಕ್ಷತ್ರವೂ ಅಂದಾಜಿನದ್ದು. ಹಲ್ಲಿನ ಮಾತು ಬಂದ ಕಾರಣ ಮಗು ಸಿಕ್ಕಿದಾಗ ಕೆಲವು ತಿಂಗಳಾದರೂ ಆಗಿತ್ತು ಅನ್ನುವುದು ಜಾಣ ಓದುಗರಿಗೆ ತಿಳಿಯುತ್ತದೆ. ಕಾಲಪಟ್ಟಿ ಇದಕ್ಕೂ ಹೊಂದಬೇಕು, ಮೂರು ದಿನದ ಶಿಶುವಾದರೆ ಹಲ್ಲನ್ನು ತೆಗೆಯಬೇಕು. ಅಮ್ಮ ಸುಳ್ಳು ಹೇಳಲಿಲ್ಲ, ಮಗಳು ಅಳಲಿಲ್ಲ, ಇಬ್ಬರ ನಡುವೆ ಏನೋ ಆಯಿತು. ಹದಿನೈದರ ಓದುಗರಿಗೆ ಅಷ್ಟು ಸಾಕು.

ಶಾಲೆಯಲ್ಲೂ ಇಂಥ ಜಾಗಗಳಿವೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಅನುವಂಶೀಯತೆಯ ಪಾಠ ಬರುತ್ತದೆ. ಮನೆಯವರ ರಕ್ತದ ಗುಂಪು ಬರೆದುಕೊಂಡು ಬನ್ನಿ ಅನ್ನುವ ಟೀಚರ್ ಇರುತ್ತಾರೆ. ಇಲ್ಲಿ ವಿಜ್ಞಾನ ಸರಿ ಇರಲಿ: ಅಪ್ಪ-ಅಮ್ಮ ಇಬ್ಬರೂ ‘ಓ’ ಆದರೆ ಮಕ್ಕಳು ‘ಓ’ ಮಾತ್ರ. ಒಬ್ಬರು ‘ಎ’, ಒಬ್ಬರು ‘ಬಿ’ ಆದರೆ ನಾಲ್ಕು ಗುಂಪೂ ಸಾಧ್ಯ, ಅಲ್ಲಿ ಯಾರಿಗೂ ಅನುಮಾನ ಬರಲು ಕಾರಣವೇ ಇಲ್ಲ. ಹುಡುಗಿಗೆ ಮೊದಲೇ ಗೊತ್ತಿದೆ ಅಂತಾದರೆ ಪ್ರಶ್ನೆ ‘ನಾನು ಯಾರು’ ಅಲ್ಲ. ಈ ಹಾಳೆಯಲ್ಲಿ ಏನು ಬರೆಯಲಿ, ಟೀಚರಿಗೆ ಹೇಳಲಾ, ಹೇಳಿದರೆ ಸ್ಟಾಫ್ ರೂಮಿನಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತದೆ ಅನ್ನುವುದು. ತನ್ನ ಕಥೆ ಯಾರಿಗೆ ಹೇಳಬೇಕು ಅನ್ನುವ ಹಕ್ಕು ಯಾರದ್ದು ಅನ್ನುವುದು ಈ ವಯಸ್ಸಿನವರ ನಿಜವಾದ ತೊಳಲಾಟ.

ಭಾಷೆಯ ವಿಷಯದಲ್ಲಿ ಕನ್ನಡ ನಮಗೆ ಸಹಾಯ ಮಾಡುತ್ತದೆ. ಹೆತ್ತಮ್ಮ ಅನ್ನುವ ಶಬ್ದ ಇದೆ, ತುಳುವಿನಲ್ಲಿ ‘ಪೆದ್ದಿನಪ್ಪೆ’ (ಹೆತ್ತ ತಾಯಿ), ‘ಸಾಂಕಿನಪ್ಪೆ’ (ಸಾಕಿದ ತಾಯಿ) ಎರಡೂ ಇವೆ. ಎರಡರಲ್ಲೂ ಅಪ್ಪೆ ಇದ್ದಾಳೆ. ನಿರೂಪಣೆಯಲ್ಲಿ ಬರೀ ‘ಅಮ್ಮ’ ಅಂದರೆ ಬೆಳೆಸಿದವಳು, ಇನ್ನೊಬ್ಬಳು ‘ಹೆತ್ತಮ್ಮ’. ‘ನಿಜವಾದ ಅಮ್ಮ’, ‘ಸ್ವಂತ ಮಗು’, ‘ಸಾಕುಮಗಳು’ ಅನ್ನುವುದು ನಿರೂಪಕರ ಬಾಯಲ್ಲಿ ಬರಬಾರದು. ಪಾತ್ರಗಳ ಬಾಯಲ್ಲಿ ಬರಲಿ. ಪಕ್ಕದ ಮನೆಯವರು “ನಿಮ್ಮದೇ ಮಗುವಾ, ಸಾಕಿದ್ದಾ?” ಅಂತ ಕೇಳುತ್ತಾರೆ, ಅದನ್ನು ತೊಳೆದು ಬಿಳಿ ಮಾಡಿದರೆ ಕಥೆ ಸುಳ್ಳಾಗುತ್ತದೆ. ‘ಸಾಕು’ ಶಬ್ದಕ್ಕೆ ಇನ್ನೊಂದು ತೊಂದರೆ: ನಾಯಿ, ದನವನ್ನೂ ನಾವು ಸಾಕುತ್ತೇವೆ, ‘ಇನ್ನು ಬೇಡ’ ಅನ್ನುವುದಕ್ಕೂ ಅದೇ ಶಬ್ದ. ಹದಿಮೂರರ ಮಗು ಈ ಎರಡೂ ಅರ್ಥವನ್ನು ಖಂಡಿತ ಕೇಳಿಸಿಕೊಳ್ಳುತ್ತದೆ. ‘ಎಸೆದರು’ ಅನ್ನುವಲ್ಲಿ, ನಿಜಕ್ಕೂ ಹಾಗೆ ಆಗಿರದಿದ್ದರೆ, ‘ಒಪ್ಪಿಸಿದರು’ ಅನ್ನಿ. ‘ಎಂಥ ಪುಣ್ಯದ ಕೆಲಸ ಮಾಡಿದಿರಿ’ ಅಂತ ನೆಂಟರು ಹೊಗಳುವ ಸನ್ನಿವೇಶ ಇದ್ದರೆ, ಅದನ್ನು ಆ ಮಗು ಎಲ್ಲಿ ನಿಂತು ಕೇಳಿಸಿಕೊಂಡಿತು ಅನ್ನುವುದನ್ನೂ ಬರೆಯಿರಿ. ಪುಣ್ಯ ಅಂದಕೂಡಲೇ ಋಣ ಬರುತ್ತದೆ, ಋಣ ಅಂದಮೇಲೆ ಮಗು ಅಮ್ಮನ ಮೇಲೆ ಸಿಟ್ಟಾಗುವ ಹಾಗೂ ಇಲ್ಲ.

ಒಂದು ಹಳೆಯ ರೂಢಿಯನ್ನು ಮಾತ್ರ ಪೂರ್ತಿ ಕೈಬಿಡಬೇಕು. ದತ್ತು ಬಂದ ಹುಡುಗ ಕಳ್ಳತನ ಮಾಡುವುದು, ಆಮೇಲೆ ‘ಎಲ್ಲಿಯ ರಕ್ತವೋ’ ಅನ್ನುವ ಮಾತು, ಕಥೆ ಅದನ್ನು ಸುಳ್ಳು ಮಾಡದೆ ಮುಗಿಯುವುದು. ಕೊನೆಗೆ ಹೆತ್ತಮ್ಮನನ್ನು ಅಪ್ಪಿಕೊಂಡು ಎಲ್ಲ ಸರಿಹೋಗುವ ಮುಕ್ತಾಯವೂ ಅಷ್ಟೇ ಕೆಡುಕಿನದ್ದು. ಹುಡುಕಿದವರಿಗೆಲ್ಲ ಸಿಗುವುದಿಲ್ಲ. ಸಿಕ್ಕಿದವರಿಗೆಲ್ಲ ಹಿತವಾಗುವುದೂ ಇಲ್ಲ. ಹುಡುಕುವ ಆಸೆಯೇ ಇಲ್ಲದವರೂ ಇದ್ದಾರೆ.

ಅಳತೆಯ ಮಾತು. ಕನ್ನಡದಲ್ಲಿ ಹದಿಹರೆಯದವರ ಕಾದಂಬರಿಗೆ 30ರಿಂದ 35 ಸಾವಿರ ಪದ ಸಾಕು. ಒಂದು ಅಧ್ಯಾಯ 1400 ಪದದ ಆಸುಪಾಸು ಇದ್ದರೆ ಬಸ್ಸಿನಲ್ಲಿ ಕೂತು ಓದಿ ಮುಗಿಸಬಹುದು. ಅದರಲ್ಲಿ ದತ್ತಿನ ವಿಷಯ ಮೂರನೇ ಒಂದು ಪಾಲು ಮೀರದಿರಲಿ ಅನ್ನುವುದು ನನ್ನ ಅಳತೆಗೋಲು. ಉಳಿದದ್ದು ಅವಳ ಬದುಕು: ಪಿಯುಸಿಗೆ ಸೈನ್ಸಾ ಕಾಮರ್ಸಾ ಅನ್ನುವ ಜಗಳ, ಹೆಜ್ಜೆ ಕಲಿಯುವ ಯಕ್ಷಗಾನ ತರಗತಿ, ಮಲ್ಪೆಯಲ್ಲಿ ಬೋಟಿಗೆ ಹೋಗುವ ಅಪ್ಪ ಮಳೆಗಾಲದ ನಿಷೇಧದಲ್ಲಿ ಮನೆಯಲ್ಲೇ ಇರುವ ದಿನಗಳು. ದತ್ತು ಬಂದ ಮಗು ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಅದನ್ನೇ ಯೋಚಿಸುವುದಿಲ್ಲ. ಪಾತ್ರ ಹಾಗೆ ಯೋಚಿಸಿದರೆ ಅದು ವ್ಯಕ್ತಿಯಾಗಿ ಉಳಿಯುವುದಿಲ್ಲ, ವಿಷಯವಾಗಿಬಿಡುತ್ತದೆ.

ಎರಡನೇ ಕರಡು ಮುಗಿದ ಮೇಲೆ ಮೂವರಿಗೆ ಓದಲು ಕೊಡಿ. ದತ್ತು ಬಂದು ಈಗ ವಯಸ್ಕರಾಗಿರುವ ಒಬ್ಬರು, ದತ್ತು ಪಡೆದ ತಾಯಿ ಅಥವಾ ತಂದೆ ಒಬ್ಬರು, ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲಿ ಕೆಲಸ ಮಾಡಿದ ಒಬ್ಬರು. ಮೊದಲನೆಯವರ ಮಾತಿಗೆ ತೂಕ ಹೆಚ್ಚು. ಮೂವರೂ ಬೇರೆ ಬೇರೆ ತಪ್ಪು ಹಿಡಿಯುತ್ತಾರೆ, ಹಾಗಾಗಿ ಒಬ್ಬರನ್ನು ಬಿಟ್ಟರೆ ಆ ಪಾಲಿನ ತಪ್ಪು ಪುಸ್ತಕಕ್ಕೆ ಹೋಗುತ್ತದೆ. ಮೂರು ವಾರ ಸಮಯ ಕೊಡಿ, ಅಚ್ಚು ಮಾಡಿದ ಪ್ರತಿ ಕೊಡಿ, ‘ಓದುವಾಗ ಎಲ್ಲಿ ನಿಂತಿರೋ ಅಲ್ಲಿ ಗೀಟು ಹಾಕಿ, ಕಾರಣ ಬರೆಯಬೇಕಾಗಿಲ್ಲ’ ಅನ್ನಿ. ‘ನಿಮಗೂ ಹೀಗೇ ಆಗಿತ್ತಾ?’ ಅಂತ ಮಾತ್ರ ಕೇಳಬೇಡಿ. ಅವರು ಓದಲು ಒಪ್ಪಿದ್ದು ನಿಮ್ಮ ಕಥೆಯನ್ನು, ತಮ್ಮ ಕಥೆಯನ್ನು ಕೊಡಲು ಅಲ್ಲ. ಸಂಭಾವನೆ ಕೊಡುವುದು ನ್ಯಾಯ. ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕಬೇಕೇ ಅಂತ ಬರಹದಲ್ಲಿ ಕೇಳಿ, ಹಾಕಿದರೂ ಅವರು ದತ್ತು ಬಂದವರು ಅಂತ ಅಲ್ಲಿ ಬರೆಯಬೇಡಿ.

ಹಂಚುವಾಗಿನ ತಪ್ಪುಗಳು ಬರೆಯುವಾಗಿನವಕ್ಕಿಂತ ಹೆಚ್ಚು ನೋಯಿಸುತ್ತವೆ. ‘ನಿಜ ಘಟನೆಯ ಆಧಾರ’ ಅಂತ ಹಾಕಿ ಊರು, ಶಾಲೆ, ವರ್ಷ ಹೊಂದುವ ಹಾಗೆ ಬರೆದರೆ ಓದುಗರು ಆ ಮಗುವನ್ನು ಹುಡುಕಿ ತೆಗೆಯುತ್ತಾರೆ. ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಸಿಗುವ ಯಾವುದೇ ವಿವರ ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುಖಪುಟಕ್ಕೆ ಯಾವುದೋ ಆಶ್ರಮದಲ್ಲಿ ತೆಗೆದ ಮಗುವಿನ ಫೋಟೋ ಹಾಕುವ ಯೋಚನೆ ಇದ್ದರೆ ಬಿಡಿ, ಚಿತ್ರ ಬರೆಸಿ.

ಪ್ರತಿಲಿಪಿಯಂಥ ಕಡೆ ಕಂತುಗಳಲ್ಲಿ ಹಾಕುವವರು, ವಾರಪತ್ರಿಕೆಗೆ ಧಾರಾವಾಹಿ ಕೊಡುವವರು ಒಂದು ವಿಷಯ ಗಮನಿಸಬೇಕು. ಕಂತು ಎಲ್ಲಿ ನಿಲ್ಲುತ್ತದೋ ಅಲ್ಲಿ ಓದುಗರು ಒಂದು ವಾರ ನಿಲ್ಲುತ್ತಾರೆ. “ನೀನು ನನ್ನ ಮಗಳೇ ಅಲ್ಲ” ಅನ್ನುವ ಸಾಲಿಗೆ ಕುತೂಹಲಕ್ಕಾಗಿ ಕಂತು ಮುಗಿಸಿದರೆ, ದತ್ತು ಬಂದ, ಅದನ್ನು ಓದುವ ಹದಿನಾಲ್ಕರ ಹುಡುಗಿ ಆ ಸಾಲನ್ನು ಏಳು ದಿನ ಹೊತ್ತುಕೊಂಡು ತಿರುಗಬೇಕು. ಆ ಸಾಲು ಕಂತಿನ ನಡುವೆ ಬರಲಿ, ಅದೇ ಕಂತಿನಲ್ಲಿ ಅಮ್ಮ ಬಾಗಿಲ ಹೊರಗೆ ಬಂದು ಕೂರಲಿ. ಕಳಿಸುವ ಕಡತ ಯೂನಿಕೋಡ್‌ನಲ್ಲಿರಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದು ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ, ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕು. ವಾಟ್ಸಾಪಿನಲ್ಲಿ ಹಂಚುವುದಾದರೆ ಮೊದಲೆರಡು ಅಧ್ಯಾಯ ಮಾತ್ರ, ಪಿಡಿಎಫ್‌ನ ಪ್ರತಿ ಪುಟದಲ್ಲೂ ಕಾದಂಬರಿಯ ಹೆಸರು, ನಿಮ್ಮ ಹೆಸರು ಇರಲಿ.

ಶಾಲೆಯಲ್ಲಿ ಓದುವ ಅವಕಾಶ ಸಿಕ್ಕಿದರೆ ಪೀರಿಯಡ್ ನಲವತ್ತು ನಿಮಿಷ ಅಂತಿಟ್ಟುಕೊಳ್ಳಿ. ಹನ್ನೆರಡು ನಿಮಿಷ ಓದು, ಅಂದರೆ ಸುಮಾರು 1200 ಪದ. ಉಳಿದದ್ದು ಮಕ್ಕಳಿಗೆ. ಒಂದು ವಾರ ಮುಂಚೆ ಟೀಚರಿಗೆ ಆ ಭಾಗವನ್ನೇ ಕಳಿಸಿ, ವಿಷಯ ಏನೆಂದು ಸ್ಪಷ್ಟವಾಗಿ ಹೇಳಿ. ತರಗತಿಯಲ್ಲಿ ದತ್ತು ಬಂದ ಮಗು ಇದ್ದರೆ ಮನೆಯವರ ಜೊತೆ ಮಾತಾಡಿಕೊಳ್ಳಲು ಅವರಿಗೆ ಸಮಯ ಬೇಕು. ಯಾರು ಆ ಮಗು ಅಂತ ನಿಮಗೆ ಹೇಳುವ ಅಗತ್ಯವಿಲ್ಲ, ನೀವು ಕೇಳಲೂಬಾರದು. ‘ಇಲ್ಲಿ ಯಾರಾದರೂ ದತ್ತು ಬಂದವರು ಇದ್ದೀರಾ?’ ಅಂತ ಕೈ ಎತ್ತಿಸುವ ಉತ್ಸಾಹಿಗಳಿದ್ದಾರೆ. ದಯವಿಟ್ಟು ಬೇಡ. ಪ್ರಶ್ನೆಗಳನ್ನು ಚೀಟಿಯಲ್ಲಿ, ಹೆಸರಿಲ್ಲದೆ ಬರೆಸಿ. ಎಲ್ಲರೂ ಬರೆಯಬೇಕು, ಪ್ರಶ್ನೆ ಇಲ್ಲದವರು ತಿಂಡಿಯ ಹೆಸರಾದರೂ ಬರೆಯಲಿ, ಆಗ ಯಾರು ಬರೆದರು ಅಂತ ಪಕ್ಕದವರಿಗೆ ಗೊತ್ತಾಗುವುದಿಲ್ಲ. ವಂಶವೃಕ್ಷ ಬರೆಸುವ ಚಟುವಟಿಕೆ ಇದ್ದರೆ ‘ನನ್ನನ್ನು ಬೆಳೆಸಿದವರು’ ಅಂತ ಮಾಡಿ. ಅಜ್ಜಿ ಮನೆಯಲ್ಲಿ ಬೆಳೆದವರು, ಹಾಸ್ಟೆಲಿನಲ್ಲಿ ಇರುವವರು ಎಲ್ಲರಿಗೂ ಅದರಲ್ಲಿ ಕೊಂಬೆ ಸಿಗುತ್ತದೆ.

ಚೀಟಿಗಳನ್ನು ಗಟ್ಟಿಯಾಗಿ ಓದುವ ಮುಂಚೆ ಒಮ್ಮೆ ನೀವೇ ಓದಿಕೊಳ್ಳಿ. ನೂರರಲ್ಲಿ ಒಂದರಲ್ಲಿ ಪ್ರಶ್ನೆಯ ಬದಲು ಮನೆಯ ಕಷ್ಟ ಇರಬಹುದು. ಅದನ್ನು ತರಗತಿಯಲ್ಲಿ ಓದಬಾರದು, ಕಿಸೆಯಲ್ಲಿಟ್ಟು ಮನೆಗೂ ತರಬಾರದು, ಅಂದೇ ಮುಖ್ಯ ಶಿಕ್ಷಕರ ಕೈಗೆ ಕೊಡಬೇಕು.

ಪುಸ್ತಕ ಅಚ್ಚಿಗೆ ಹೋಗುವಾಗ ಕೊನೆಯ ಪುಟವನ್ನು ಖಾಲಿ ಬಿಡಿಸಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಆರೋಗ್ಯದ ಟೆಲಿ-ಮಾನಸ್ 14416, ಎರಡನ್ನೂ ದೊಡ್ಡ ಅಕ್ಷರದಲ್ಲಿ ಹಾಕಿಸಿ. ಅದರ ಕೆಳಗೆ ಎರಡು ಸಾಲು: ಈ ಕಥೆ ಇಂಥ ವರ್ಷದಲ್ಲಿ ನಡೆಯುತ್ತದೆ, ಇದರಲ್ಲಿ ಬರುವ ದತ್ತಿನ ಕ್ರಮ ಆ ವರ್ಷದ್ದು, ಆಮೇಲೆ ನಿಯಮ ಬದಲಾಗಿರಬಹುದು, ಈಗಿನದ್ದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ ತಿಳಿಯಿರಿ.